ರೊಟ್ಟಿಯ ಮೇಲಿನ ಮುದ್ರೆ

ಬೇಕಾದ ಮುಖ ಬಾಡಿಗೆಗೆ ಸಿಗತೊಡಗಿದ ಮೇಲೆ ಪಾಸ್‌ಪೋರ್ಟಿನಲ್ಲಿ ಫೋಟೊ ಹೋಗಿ ನಗು ಬಂದಿತ್ತು. ಗಡಿಯಲ್ಲಿ ಯಂತ್ರದ ಮುಂದೆ ನಗಬೇಕು. ದಾಖಲಾದ ನಗುವಿಗೆ ತಾಳೆಯಾದರೆ ಗೇಟು ತೆರೆಯುತ್ತದೆ. ಗುಳೇದಗುಡ್ಡದಲ್ಲಿ ಖಣ ನೇಯುವ ನೀಲಗಂಗವ್ವ ಒಬ್ಬಳೇ ಬಸ್ಸು ಬದಲಿಸುತ್ತಾ ನಾಲ್ಕು ದೇಶ ದಾಟಿ ಬಂದಿದ್ದಳು. ಐದನೆಯ ಗಡಿಯಲ್ಲಿ ಎರಡು ಸಲ ನಕ್ಕರೂ ಕೆಂಪು ದೀಪವೇ ಹತ್ತಿತು.

"ಇನ್ನು ಒಂದೇ ಅವಕಾಶ," ಎಂದಿತು ಅಧಿಕಾರಿಯ ಮಾತನ್ನು ಕನ್ನಡಕ್ಕೆ ತಿರುಗಿಸುವ ಡಬ್ಬಿ.

"ನಗು ಅಂದಕೂಡ್ಲೇ ನಗು ಬರ್ತೈತೇನೋ ತಮ್ಮಾ? ತಡಿ, ಒಂದೀಟು ಹೊಟ್ಟಿಗೆ ಹಾಕ್ಕೋತೀನಿ," ಎಂದು ಅವಳು ಪಾಸ್‌ಪೋರ್ಟಿನ ಪಕ್ಕದಲ್ಲೇ ರೊಟ್ಟಿಗಂಟು ಬಿಚ್ಚಿದಳು.

ತಿಂದು ನಕ್ಕ ನಗುವೂ ಸೋತಿತು. ಅಧಿಕಾರಿಗೆ ಅವಳ ಮುಖ ನೋಡಲಾಗಲಿಲ್ಲ. ಎತ್ತಲೋ ನೋಡುತ್ತಾ 'ವಾಪಸ್' ಮುದ್ರೆಯನ್ನು ಎತ್ತಿ ಕುಟ್ಟಿದ. ಅದು ಕಡಕ್ ರೊಟ್ಟಿಯ ಮೇಲೆ ನೀಲಿಯಾಗಿ ಮೂಡಿತು.

ನೀಲಗಂಗವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಂತ್ರದ ದೀಪ ಹಸಿರಾಯಿತು.

"ಆದರೆ ಮುದ್ರೆ ಬಿದ್ದಾಗಿದೆಯಲ್ಲ," ಎಂದು ಅಧಿಕಾರಿ ತಲೆ ಕೆರೆದುಕೊಂಡ.

ಅವಳು ಮುದ್ರೆ ಬಿದ್ದ ತುಂಡನ್ನು ಮುರಿದು, ಶೇಂಗಾ ಚಟ್ನಿ ಹಚ್ಚಿ ಬಾಯಿಗೆ ಹಾಕಿಕೊಂಡಳು. ಉಳಿದದ್ದನ್ನು ಅವನ ಕೈಗಿತ್ತು, ತುಂಬಿದ ಬಾಯಲ್ಲೇ ಕೇಳಿದಳು:

"ಎಲ್ಲೈತೋ ತಮ್ಮಾ?"