ಮಲ್ಲಿಗೆಗೆ ಜಾಗ

ಫ್ರಿಜ್ಜಿನ ಬಾಗಿಲು ತೆಗೆದ ಸುಮಲತಾಗೆ ಇಂಜೆಕ್ಷನ್ ಡಬ್ಬಿ ಕಾಣಲಿಲ್ಲ. ಅದರ ಜಾಗದಲ್ಲಿ, ನಾಳೆ ನಾದಿನಿಯ ನಿಶ್ಚಿತಾರ್ಥಕ್ಕೆ ತಂದ ಹಡಗಲಿ ಮಲ್ಲಿಗೆಯ ಬುಟ್ಟಿ ಕೂತಿತ್ತು. ಡಬ್ಬಿ ಕಿಟಕಿ ಕಟ್ಟೆಯ ಮೇಲೆ ಸುಡುಬಿಸಿಲಿನಲ್ಲಿತ್ತು. ಎಂಎಸ್ ಎಂಬ ನರರೋಗ ಮತ್ತೆ ಉಲ್ಬಣಿಸದಂತೆ ಅವಳು ದಿನ ಬಿಟ್ಟು ದಿನ ಚುಚ್ಚಿಕೊಳ್ಳುವ ಔಷಧ. ಮುಟ್ಟಿದರೆ ಬಿಸಿ; ಇಡೀ ತಿಂಗಳದ್ದು ಕೆಟ್ಟಿತ್ತು.

“ಮುಂಜಾನೆ ನಾನೇ ತಗದಿಟ್ಟೀನಿ,” ಎಂದರು ಅತ್ತೆ ಶಿವಬಸಮ್ಮ, ಹೂ ಕಟ್ಟುವ ದಾರ ಬಿಚ್ಚುತ್ತಲೇ. “ನಾಳೆ ಬೀಗರ ಕಣ್ಣಿಗೆ ಆ ಸೂಜಿ ಬೀಳಬಾರದು. ಆರು ವರ್ಷ ಚುಚ್ಚಿಕೊಂಡಿ, ನೆಟ್ಟಗ ಓಡಾಡ್ತೀಯಲ್ಲ, ಇನ್ನೂ ಯಾಕ ಬೇಕದು?”

“ಚುಚ್ಚಿಕೊಂತೀನಿ ಅಂತಾನ ಓಡಾಡ್ತೀನ್ರಿ. ಬಿಸಿಲಿಗಿಟ್ರ ಅದು ಕೆಡತೈತಿ.”

“ಅರ್ಧ ದಿನಕ್ಕ ಏನಾಗತೈತಿ?”

ಸುಮಲತಾ ಫ್ರಿಜ್ಜಿನತ್ತ ತಿರುಗಿದಳು. ಮಲ್ಲಿಗೆ ಬುಟ್ಟಿಯನ್ನು ಎತ್ತಿ ತಂದು, ಡಬ್ಬಿಯ ಪಕ್ಕದಲ್ಲೇ ಬಿಸಿಲಿಗಿಟ್ಟಳು.

“ಲೇ, ಹೂವು ಬಾಡತಾವ!” ಶಿವಬಸಮ್ಮ ದಡಬಡಿಸಿ ಎದ್ದರು.

“ಅರ್ಧ ದಿನಕ್ಕ ಏನಾಗತೈತ್ರಿ, ಅತ್ತಿ?”

ಶಿವಬಸಮ್ಮ ಬುಟ್ಟಿಯನ್ನು ಅವುಚಿಕೊಂಡು ಫ್ರಿಜ್ಜಿನತ್ತ ನುಗ್ಗಿದರು. ಅಷ್ಟರಲ್ಲಿ ಸುಮಲತಾ ಅದರ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಸರಿಯಲಿಲ್ಲ.