ಚಹಾ ಕುಡಿದ ಮೇಲೆ

ಮಾಣಿಕಪ್ಪ ಚಹಾ ಕುಡಿದೇಬಿಟ್ಟರು. ಮೆಡಿಕಲ್ ಕಾಲೇಜಿನ ಕಚೇರಿಯಲ್ಲಿ ಅಧಿಕಾರಿ ಕೊಟ್ಟ ಚಹಾವನ್ನು ಬಸಿಗೆ ಸುರಿದು, ಊದಿ, ಕಡೆಯ ಹನಿಯವರೆಗೆ ಕುಡಿದರು. ಪಕ್ಕದಲ್ಲಿ ಕುಳಿತಿದ್ದ ಸೊಸೆ ಮನಿಷಾ ಗಾಬರಿಯಿಂದ ಮಗಳ ಕಡೆ ನೋಡಿದಳು. ಗುಂಜೋಟಿ ಊರಿನ ಅವರ ಮನೆತನದಲ್ಲಿ, ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಲು ಹೋದ ಹಿರಿಯರು ಮನಸ್ಸು ಒಪ್ಪುವವರೆಗೆ ಅಲ್ಲಿ ನೀರನ್ನೂ ಮುಟ್ಟುವುದಿಲ್ಲ. ಚಹಾ ಕುಡಿದರೆಂದರೆ ಮಾತು ಕೊಟ್ಟಂತೆ.

ಇಲ್ಲಿ ಮದುವೆಯ ಸುದ್ದಿಯೇ ಇರಲಿಲ್ಲ. ಮಗಳು ಯೋಗಿತಾಗೆ ಈ ಮರಾಠಿ ಶಹರದ ಎರಡು ಮೆಡಿಕಲ್ ಕಾಲೇಜುಗಳಲ್ಲಿ ಯಾವುದನ್ನು ಆಯ್ಕೆಪಟ್ಟಿಯಲ್ಲಿ ಮೊದಲಿಗಿಟ್ಟರೂ ಅದೇ ಸಿಗುವಷ್ಟು ಅಂಕ ಬಂದಿದ್ದವು. ಸಂಜೆಯೊಳಗೆ ಮೊಬೈಲಿನಲ್ಲಿ ಆರಿಸಬೇಕು. ಆದರೆ, "ಪೋರಿ ಇಷ್ಟು ವರ್ಷ ಇರೋ ಜಾಗಾ, ನಾ ನೋಡದೆ ಕಳಸಂಗಿಲ್ಲ" ಎಂದು ಅಜ್ಜ ಮಾಣಿಕಪ್ಪ ಬೆಳಿಗ್ಗೆಯೇ ರುಮಾಲು ಸುತ್ತಿಕೊಂಡು ಮುಂದಾಗಿದ್ದರು.

ಹೊರಗೆ ಬಂದು, ಮೆಟ್ಟಿಲ ಮೇಲೆ ನಿಂತು ಮೀಸೆ ಒರೆಸಿಕೊಂಡರು. "ಭಾಳ ಛಲೋ ಮನಿ ಅದ. ಫರಸಿ ಮ್ಯಾಲ ಬುತ್ತಿ ಬಿಚ್ಚಿ ಉಣಬೇಕು, ಅಷ್ಟು ಸಾಫ್. ದವಾಖಾನಿ ಖಾಟ್ ನೋಡಿದ್ರೇನು, ಒಂದರ ಮ್ಯಾಲರ ಚಾದರ ಮುದುಡಿತ್ತಾ?"

"ಅದೇ ನೋಡಿ ನಂಗ ಅಂಜಿಕಿ ಬಂತು, ಮುತ್ಯಾ. ಇನ್ನೊಂದು ಕಾಲೇಜಿಗಿ ಹೋಗೂಣು ನಡಿ" ಎಂದಳು ಯೋಗಿತಾ.

"ಆ ಹಳೇದಕ್ಕಾ? ಬರಾಗ ನೋಡೀವಲ್ಲ, ಅಲ್ಲಿ ಬಾಗಲದಾಗೇ ಮಂದಿ ಗಿಜಿಗಿಜಿ. ಅಷ್ಟು ಮಂದಿ ಇದ್ದ ಮನಿಗಿ ಯಾರರ ಹೆಣ್ಣು ಕೊಡ್ತಾರೇನು? ದುಡದು ದುಡದು ಸಣ್ಣಾಗಿ ಹೋಗ್ತಿ."

"ನಾ ಸೊಸಿ ಆಗ್ಲಾಕ ಹೊಂಟೀನೇನು?"

ಮನಿಷಾ ಕಣ್ಣಲ್ಲೇ ಗದರಿದಳು. ಹುಡುಗಿ ನಿಲ್ಲಿಸಲಿಲ್ಲ. "ಅಪ್ಪಗ ಟ್ರ್ಯಾಕ್ಟರ್ ಹೊಡೀಲಾಕ ನೀನೇ ಕಲಿಸಿದಿ. ಅಂಗಳದಾಗ ನಿಂದ್ರಿಸಿ ಕಲಿಸಿದ್ಯೇನು, ಇಲ್ಲಾ ಹೊಲಕ್ಕ ಒಯ್ದಿ?"

"ಹೊಲಕ್ಕ. ಅಂಗಳದಾಗ ನಿಂತ್ರ ಏನ್ ಕಲೀತಾನ?"

"ಹಂಗಾರ ಖಾಲಿ ಖಾಟಿನ ಮುಂದ ನಿಂತು ನಾ ಏನ್ ಕಲೀಲಿ?"

ಮಾಣಿಕಪ್ಪ ತಲೆಯಾಡಿಸಿದರು. "ಖರೇ ಅದ. ಆದ್ರ ನಾ ಚಹಾ ಕುಡದೀನಲ್ಲವ್ವಾ. ಈ ವಯಸ್ಸಿನಾಗ ಮಾತು ತಪ್ಪಿದಂವಾ ಅನಸ್ಕೊಳ್ಳಲೇನು?"

ಬಂದವರಿಗೆಲ್ಲ ಕೊಡುವ ಚಹಾ ಅದು ಎಂದು ಹೇಳಿ ಉಪಯೋಗವಿಲ್ಲವೆಂದು ಮನಿಷಾಗೆ ಗೊತ್ತಿತ್ತು. ಸೊಸೆಯಾಗಿ ಮನೆ ತುಂಬಿದಾಗಿನಿಂದ ಮಾವನ ಮಾತಿಗೆ ಎದುರಾಡದವಳು ಸೆರಗು ಸರಿಮಾಡಿಕೊಂಡಳು.

"ಮಾವಾರೀ, ಯೋಗಿತಾನ ಕಪ್ಪು ಒಳಗ ತುಂಬಿದ್ದು ತುಂಬಿದಂಗೇ ಅದ. ಹೋಗಾಕಿ ಆಕಿ, ಕುಡದವರು ನೀವು. ಹುಡುಗಿ ಮುಟ್ಟಲಾರದ ಚಹಾ ಲೆಕ್ಕಕ್ಕ ಹಿಡೀಬ್ಯಾಡ್ರಿ."

ಮಾಣಿಕಪ್ಪ ಸೊಸೆಯನ್ನು ಹೊಸದಾಗಿ ಕಂಡವರಂತೆ ನೋಡಿದರು. ಆಮೇಲೆ ಒಬ್ಬರೇ ಮೆಟ್ಟಿಲೇರಿ ಒಳಗೆ ಹೋದರು. ತೆರೆದ ಬಾಗಿಲಿನಿಂದ ತಾಯಿ-ಮಗಳಿಬ್ಬರಿಗೂ ಅವರ ಮುರುಕು ಮರಾಠಿ ಸ್ಪಷ್ಟವಾಗಿ ಕೇಳುತ್ತಿತ್ತು: ಸಾಹೇಬರೇ, ನಿಮ್ಮ ಚಹಾ ಚೆನ್ನಾಗಿತ್ತು, ಮನೆಯೂ ಚೆನ್ನಾಗಿದೆ, ಆದರೆ ನಮ್ಮ ಹುಡುಗಿ ಒಪ್ಪಲಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅಧಿಕಾರಿ ಏನೂ ತಿಳಿಯದೆ ಎದ್ದು ನಿಂತು, ತಾನೂ ಕೈಮುಗಿದ.

ಆಟೊ ಏರಿದ ಕೂಡಲೇ ಯೋಗಿತಾ ಹಳೇ ಕಾಲೇಜನ್ನು ಮೊದಲಿಗಿಟ್ಟು, ಮೊಬೈಲನ್ನು ಅವ್ವನ ಕಣ್ಣ ಮುಂದೆ ಹಿಡಿದಳು. ಮನಿಷಾ ಓದಲಿಲ್ಲ, ಮಗಳ ಬೆರಳುಗಳನ್ನೇ ಹಿಡಿದುಕೊಂಡು ಕುಳಿತಳು.

ಹಳೇ ಕಾಲೇಜಿನ ದವಾಖಾನೆಯ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಳಕೋಟದಿಂದ, ವಲಾಂಡಿಯಿಂದ, ಎಲ್ಲೆಲ್ಲಿಂದಲೋ ಬಂದವರು; ಹೆಗಲ ಮೇಲೆ ಕೂಸು, ಕಂಕುಳಲ್ಲಿ ಗಂಟು. ಯೋಗಿತಾ ಒಂದು ಕ್ಷಣ ಹಿಂಜರಿದಳು. ಮಾಣಿಕಪ್ಪ ಧೋತರ ಎತ್ತಿ ಕಟ್ಟಿ, ಎರಡೂ ಕೈ ಚಾಚಿ ಆ ಜನದೊಳಗೆ ಇಳಿದರು.

"ಜರಾ ಸರೀರಿ, ತಮ್ಮಾ. ದಾರಿ ಬಿಡ್ರಿ, ತಾಯಿ. ನಮ್ಮ ಡಾಕ್ಟರ್ ಒಳಗ ಹೊಂಟಾರ."