ಸಾಣೆಯವನ ದನಿ

“ಬಲಕ್ಕೆ ಮಾತ್ರ ತಿರುಗಬೇಡ,” ಎಂದ ಭಾವ. ಜೈಲಿನಿಂದ ನಡೆದುಬಂದ ಇಬ್ಬರೂ ನಾಲ್ಕು ರಸ್ತೆ ಕೂಡುವಲ್ಲಿ ನಿಂತಿದ್ದರು. ಬಲಕ್ಕೆ ಅಮ್ಮನ ಮನೆ.

“ದೂರದಿಂದ ನೋಡಿ ಬಂದ್ಬಿಡ್ತೀನಿ ಭಾವ.”

“ಜಡ್ಜು ಏನಂದ್ರು? ಸಾಕ್ಷೀನ ಕಾಣಬಾರದು, ಮಾತಾಡಿಸಬಾರದು, ಹೇಳಿಕಳಿಸಲೂಬಾರದು. ಮೀರಿದ್ರೆ ಜಾಮೀನು ರದ್ದು.” ಅಕ್ಕನ ಗಂಡ ಕ್ಷೌರಿಕ, ತನ್ನ ಅಂಗಡಿಯ ಪತ್ರ ಕೊಟ್ಟು ಜಾಮೀನು ನಿಂತವನು. “ನೀನೂ ಒಳಗೆ ಹೋಗ್ತೀಯ, ನನ್ನ ಅಂಗಡೀನೂ ಹೋಗುತ್ತೆ. ಊರವರ ತಲೆ ಬೋಳಿಸೋ ನನ್ನ ತಲೇನೇ ಬೋಳಿಸಬೇಡ ಮಾರಾಯ.”

ಜಗಳದ ಭರದಲ್ಲಿ ಮೈದುನ ಅಡುಗೆಮನೆಯ ಚಾಕು ತಂದು ಪಕ್ಕದ ಮನೆಯವನಿಗೆ ಇರಿದಿದ್ದ. ಅಲ್ಲಿದ್ದವಳು ಅಮ್ಮ ಒಬ್ಬಳೇ. ಪೊಲೀಸರು ಕೇಳಿದಾಗ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಆಮೇಲೆ ಒಮ್ಮೆಯೂ ಜೈಲಿಗೆ ಬರಲಿಲ್ಲ. ಮಗ ಇನ್ನು ತನ್ನ ಮುಖ ನೋಡಲಾರ ಅಂದುಕೊಂಡಿದ್ದಳಂತೆ. ತನಗೆ ಕೋಪವಿಲ್ಲ ಎಂಬುದೊಂದು ಅವಳಿಗೆ ತಿಳಿದರೆ ಅವನಿಗೆ ಸಾಕಿತ್ತು.

ಭಾವ ಸಿಗರೇಟು ಹಚ್ಚುವಷ್ಟರಲ್ಲಿ ಅವನು ಬಲಕ್ಕೆ ತಿರುಗಿಯಾಗಿತ್ತು. ಕಿಟಕಿಯ ಕೆಳಗೆ ನಿಂತು, ಚಿಕ್ಕಂದಿನ ಕಿತಾಪತಿಯನ್ನೇ ನೆನೆದು, ಸಾಣೆ ಹಿಡಿಯುವವನಂತೆ ಮೂಗಿನಲ್ಲಿ ದನಿ ಎಳೆದ: “ಚಾಕೂ... ಕತ್ತರೀ... ಸಾಣೇಏ!” ಆಗೆಲ್ಲ ಅಮ್ಮ ಮೊಂಡ ಚಾಕು ಹಿಡಿದು ಓಡಿಬಂದು, ಮಗನನ್ನು ಕಂಡು ಬೆನ್ನಿಗೊಂದು ಗುದ್ದುತ್ತಿದ್ದಳು.

ಕಿಟಕಿ ತೆರೆಯಿತು. ಅಮ್ಮ ಕೆಳಗೆ ನೋಡಲಿಲ್ಲ. ಎದುರಿನ ಗೋಡೆಗೆ ಹೇಳುವವಳಂತೆ, “ಸಾಣೆಗೆ ಏನೂ ಇಲ್ಲಪ್ಪ. ಇದ್ದ ಒಂದು ಚಾಕೂ ಪೊಲೀಸರು ತಗೊಂಡು ಹೋದ್ರು,” ಎಂದಳು.

ಅವನು ಹೇಗೋ ಆ ಮೂಗಿನ ದನಿಯನ್ನು ಹಿಡಿದುಕೊಂಡ. “ಇರಲಿ ಬಿಡಿ ಅಮ್ಮೋರೇ. ಸಾಣೆಯವನಿಗೆ ನಿಮ್ಮ ಮೇಲೆ ಒಂಚೂರೂ ಬೇಜಾರಿಲ್ಲ.”

ಅಮ್ಮ ಸರಳು ಹಿಡಿದುಕೊಂಡಳು. ಗೋಡೆಯಿಂದ ಕಣ್ಣು ಕೀಳದೆ ಕೇಳಿದಳು: “ಊಟ ಆಯ್ತೇನಪ್ಪ?”

“ಇಲ್ಲಮ್ಮ.”

ಈ ಸಲ ಬಂದದ್ದು ಮಗನ ದನಿ. ಪಕ್ಕದ ಮನೆಯ ಬಾಗಿಲು ಕಿರ್ ಎಂದಿತು. ಅಮ್ಮ ತಟ್ಟನೆ ಕಿಟಕಿ ಮುಚ್ಚಿದಳು. ಚಿಲಕ ಸಿಗದೆ ಒಳಗೆ ತಡಕಾಡುತ್ತಿದ್ದ ಬೆರಳುಗಳ ಸದ್ದು ಮಾತ್ರ ಬಹಳ ಹೊತ್ತು ಬೀದಿಗೆ ಕೇಳುತ್ತಿತ್ತು.